ನವೆಂಬರಿನ ಕಪಾಟು

ಮಧ್ಯಾಹ್ನ ಒಂದೂಕಾಲು. ಬೆಂಗಳೂರಿನ ಹೊರವರ್ತುಲ ರಸ್ತೆಯ ಟೆಕ್ ಪಾರ್ಕೊಂದರ ಐದನೇ ಮಹಡಿ. ಬನ್ನಿ, ಲಿಫ್ಟಿನಿಂದ ಎಡಕ್ಕೆ ತಿರುಗಿದರೆ ನಮ್ಮ ಪ್ಯಾಂಟ್ರಿ. ಮೈಕ್ರೋವೇವ್ ಮುಂದೆ ಡಬ್ಬಿ ಹಿಡಿದವರ ಸಾಲು. ಗೋಡೆಗೆ ಅರಿಶಿನ ಕುಂಕುಮ ಬಣ್ಣದ ಕಾಗದದ ತೋರಣ, ಅದರ ಕೆಳಗೆ ಕನ್ನಡ ಬಳಗದವರು ಇಟ್ಟ ಪುಸ್ತಕದ ಕಪಾಟು. ಮನೆಯಿಂದ ಒಂದು ತನ್ನಿ, ಇಲ್ಲಿಂದ ಒಂದು ಒಯ್ಯಿರಿ. ಕಾರಂತ, ಭೈರಪ್ಪ, ತ್ರಿವೇಣಿ, ತೇಜಸ್ವಿ ಆಗಲೇ ಬಂದು ಕೂತಿದ್ದಾರೆ. ನಾನು ಬ್ಯಾಗಿನಿಂದ ವಸುಧೇಂದ್ರರ ‘ಮೋಹನಸ್ವಾಮಿ’ ತೆಗೆದು, ಮುಖಪುಟ ಎದುರಿಗೆ ಕಾಣುವಂತೆ ತೇಜಸ್ವಿ ಪಕ್ಕ ನಿಲ್ಲಿಸುತ್ತೇನೆ.

ಮಂಡ್ಯದ ಗೆಳೆಯ ತಟ್ಟನೆ ಕೈಹಾಕುತ್ತಾನೆ. “ವಸುಧೇಂದ್ರ ಅಲ್ವಾ? ‘ತೇಜೋ ತುಂಗಭದ್ರಾ’ ಓದಿದೀನಿ ಗುರು, ಸೂಪರ್. ಇದ್ರಲ್ಲಿ ಏನೈತೆ?”

“ಕಥೆಗಳು. ಗಂಡಸನ್ನ ಪ್ರೀತಿಸೋ ಗಂಡಸಿನ ಕಥೆಗಳು.”

“ಓ.” ಹಾಳೆ ಮಗುಚುತ್ತಿದ್ದ ಹೆಬ್ಬೆರಳು ನಿಲ್ಲುತ್ತದೆ. ಪುಸ್ತಕ ಕಪಾಟಿಗೆ ಮರಳುತ್ತದೆ, ಬೆನ್ನು ಒಳಗಾಗಿ, ಹೆಸರು ಕಾಣದಂತೆ. “ಬಾ, ಊಟ ತಣ್ಣಗಾಯ್ತದೆ.”

ಊಟದ ಮೇಜಿಗೆ ಬನ್ನಿ. ಇಲ್ಲಿ ಡಬ್ಬಿ ಯಾರದು ಎಂಬ ಲೆಕ್ಕವಿಲ್ಲ, ಎಲ್ಲರ ಚಮಚ ಎಲ್ಲರ ಡಬ್ಬಿಯಲ್ಲಿ. ಇವತ್ತು ನಾನು ತಂದಿರುವುದು ಹಿತಕಿದ ಅವರೆಬೇಳೆ ಸಾರು. ಅವರೆಕಾಯಿಯ ಕಾಲದಲ್ಲಿ ಇದಕ್ಕೆ ಜಗಳವೇ ಆಗುತ್ತದೆ. ಮುಚ್ಚಳ ತೆಗೆದು ಮಧ್ಯಕ್ಕೆ ತಳ್ಳುತ್ತೇನೆ. ಚಮಚಗಳು ಬದನೆಕಾಯಿ ಪಲ್ಯಕ್ಕೆ ಹೋಗುತ್ತವೆ, ಉಪ್ಪಿನಕಾಯಿಗೆ ಹೋಗುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನ ಮಾತು ಜೋರಾಗಿದೆ. ಯಾರ ಮುಖದಲ್ಲೂ ಸಿಟ್ಟಿಲ್ಲ. ನನ್ನ ಸಾರನ್ನು ನಾನೊಬ್ಬನೇ ಉಣ್ಣುತ್ತಿದ್ದೇನೆ.

ಕೈತೊಳೆಯುವಲ್ಲಿ ಟೀಮ್ ಲೀಡ್ ಸಿಗುತ್ತಾರೆ. ಕೊರಳಲ್ಲಿ ಕಂಪನಿಯವರು ಜೂನ್‌ನಲ್ಲಿ ಹಂಚಿದ ಕಾಮನಬಿಲ್ಲಿನ ಪಟ್ಟಿ, ತುದಿಯಲ್ಲಿ ಐಡಿ ಕಾರ್ಡು. “ನಿಮ್ ಒಳ್ಳೇದಕ್ಕೇ ಹೇಳ್ತಿದೀನಿ. ಪರ್ಸನಲಿ ನಂಗೇನೂ ಪ್ರಾಬ್ಲಂ ಇಲ್ಲ. ರಾಜ್ಯೋತ್ಸವದ ದಿನ ಫ್ಯಾಮಿಲಿ ಬರುತ್ತೆ, ಮಕ್ಕಳು ಬರ್ತಾರೆ, ನೋಡಿ.” ನಾನೂ ಅಂಥವನಾ ಎಂದು ಅವರು ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಆ ಪಟ್ಟಿ ಹಂಚಿದ ದಿನ ಕೇಕ್ ಇತ್ತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು ಎಂಬ ಸ್ಲೈಡಿಗೆ ಇದೇ ಮಂಡ್ಯದವನು ಚಪ್ಪಾಳೆ ತಟ್ಟಿದ್ದ. ಎಲ್ಲ ಇಂಗ್ಲಿಷಿನಲ್ಲಿ ನಡೆಯಿತು, ದೂರದ ಊರಿನವರ ಹಬ್ಬಕ್ಕೆ ಶುಭಾಶಯ ಹೇಳಿದ ಹಾಗೆ. ಮೋಹನಸ್ವಾಮಿ ಹಾಗಲ್ಲವಲ್ಲ. ಅವನು ಕನ್ನಡದ ಮನೆಯ ಹುಡುಗ. ಅವನು ಪ್ರೀತಿಸುವ ಕಾರ್ತಿಕ್ ಒಬ್ಬ ಹುಡುಗಿಯನ್ನು ಮದುವೆಯಾಗಿ ಹೊರಟುಹೋಗುತ್ತಾನೆ. ಅಂಥ ಮದುವೆಗೆ ಈ ಮೇಜಿನವರೆಲ್ಲ ಹೋಗಿ, ಮುಯ್ಯಿ ಮಾಡಿ, ಉಂಡು ಬಂದಿರಬಹುದು. ಇಂಗ್ಲಿಷಿನ ಕಾಮನಬಿಲ್ಲಿಗಿಂತ ಕನ್ನಡದ ಈ ಹುಡುಗ ಹೆಚ್ಚು ಚುಚ್ಚುವುದು ಅದಕ್ಕೇ ಎಂದು ನನ್ನ ಗುಮಾನಿ.

ಶುಕ್ರವಾರ ಸಂಜೆ ರಸಪ್ರಶ್ನೆ. “ಹದಿಮೂರು ಅಂಕಿಯ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ ಬೆಂಗಳೂರಿನ ಹೆಣ್ಣುಮಗಳು?” ಹಾಲ್ ಒಟ್ಟಿಗೇ ಕೂಗುತ್ತದೆ: ಶಕುಂತಲಾ ದೇವಿ! ಶಿಳ್ಳೆ, ಚಪ್ಪಾಳೆ. ನನಗೆ ಸುಮ್ಮನಿರಲು ಆಗುವುದಿಲ್ಲ. “1977ರಲ್ಲಿ ಅವರು ಸಲಿಂಗಕಾಮಿಗಳ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ,” ಅನ್ನುತ್ತೇನೆ. ಮೈಕ್ ಹಿಡಿದವರು ನಗುತ್ತಾರೆ. “ಅದು ಸಿಲಬಸ್‌ನಲ್ಲಿ ಇಲ್ಲ ಸಾರ್. ಮುಂದಿನ ಪ್ರಶ್ನೆ.” ಹಾಲ್ ಕೂಡ ನಗುತ್ತದೆ, ಸಲೀಸಾಗಿ, ನನ್ನತ್ತ ಯಾರೂ ನೋಡದೆ.

ದೂರು ಕೊಡಿ ಎನ್ನುತ್ತೀರಾ? ಎಚ್‌ಆರ್ ಫಾರ್ಮಿನಲ್ಲಿ ಘಟನೆಯ ವಿವರಕ್ಕೆ ದೊಡ್ಡ ಜಾಗವೇ ಇದೆ. ಏನು ತುಂಬಿಸಲಿ, ನನ್ನ ಸಾರು ಉಳಿಯಿತು ಅಂತಲೇ?

ಸೋಮವಾರ ಕಪಾಟಿನ ಪಟ್ಟಿ ಮೇಲ್‌ನಲ್ಲಿ ಬರುತ್ತದೆ. ಕಾರಂತರಿದ್ದಾರೆ, ತ್ರಿವೇಣಿ ಇದ್ದಾರೆ, ಯಾರೋ ತಂದ ವ್ಯಕ್ತಿತ್ವ ವಿಕಸನದ ಪುಸ್ತಕಗಳೂ ಇವೆ. ನಾನು ಪುಸ್ತಕವನ್ನು ಕಪಾಟಿನಿಂದ ಡೆಸ್ಕಿಗೆ ತಂದಿಟ್ಟು, ಎಲ್ಲರಿಗೂ ಹೋಗುವಂತೆ ಉತ್ತರ ಬರೆಯುತ್ತೇನೆ: “ಒಂದು ಬಿಟ್ಟುಹೋಗಿದೆ. ಮೋಹನಸ್ವಾಮಿ, ವಸುಧೇಂದ್ರ, ಛಂದ ಪುಸ್ತಕ, 2013. ಬೇಕಾದವರು ನನ್ನ ಡೆಸ್ಕಿನಿಂದ ಒಯ್ಯಬಹುದು.” ಅಚ್ಚಾದ ಆ ವರ್ಷದ ಡಿಸೆಂಬರಿನಲ್ಲೇ ಇದೇ ಸುಪ್ರೀಂ ಕೋರ್ಟು, ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಕಲಮನ್ನು ಎತ್ತಿಹಿಡಿದಿತ್ತು ಎಂದೂ ಸೇರಿಸುತ್ತೇನೆ. ಆಮೇಲೆ ಆ ಸಾಲು ಅಳಿಸಿ, ಉಳಿದದ್ದನ್ನು ಮಾತ್ರ ಕಳಿಸುತ್ತೇನೆ.

ಲೀಡ್ ಒಂದೇ ಪದ ಬರೆಯುತ್ತಾರೆ: “ನೋಟೆಡ್.” ತಿದ್ದಿದ ಪಟ್ಟಿ ಬರುವುದಿಲ್ಲ.

ಐದೂವರೆಗೆ, ಕ್ಯಾಬ್ ಹಿಡಿಯುವ ಗಡಿಬಿಡಿಯಲ್ಲಿ, ಅಕೌಂಟ್ಸಿನ ಧಾರವಾಡದ ಮೇಡಂ ನನ್ನ ಡೆಸ್ಕಿನ ಹತ್ತಿರ ನಿಲ್ಲುತ್ತಾರೆ.

“ಭಾಳ ದೊಡ್ಡದದ ಏನ್ರೀ ಅದು?”

“ಸಣ್ಣ ಕಥೆಗಳು ಮೇಡಂ. ಒಂದೊಂದೇ ಓದಬಹುದು.”

“ಮ್ಯಾಲೆ ಪೇಪರ್ ಸುತ್ತಿ ಕೊಡ್ತೀರೇನು?”

“ಇಲ್ಲ ಮೇಡಂ. ಹಾಗೇ ಒಯ್ಯಿರಿ.”

ಅವರು ಪುಸ್ತಕ ನೋಡುತ್ತಾರೆ, ಲೀಡ್ ಕೂರುವ ಕಡೆ ನೋಡುತ್ತಾರೆ.

“ಹಂಗಾರ ನಾಳಿ ನೋಡೂಣು ತಗೋರಿ.”