ಮಗುವಿನ ಎತ್ತರದಿಂದ ಕಂಡ ಮನೆ

ಕಾಸರಗೋಡು ಪೇಟೆಯಿಂದ ಹೊರಟು ಚೆರ್ಕಳ, ಬದಿಯಡ್ಕಗಳನ್ನು ದಾಟಿ ಪೆರ್ಲದತ್ತ ಸಾಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಈ ನಾಡಿನ ಸ್ವರೂಪವು ತಾನಾಗಿಯೇ ವಿದಿತವಾಗುತ್ತದೆ. ಮುರಕಲ್ಲಿನ ಗುಡ್ಡಗಳು, ಇಳಿಜಾರಿನಲ್ಲಿ ಗೇರುಮರಗಳು, ತಗ್ಗಿನಲ್ಲಿ ಅಡಿಕೆಯ ತೋಟ, ತೋಟದ ತಲೆಯಲ್ಲಿ ಹೆಂಚಿನ ಮನೆ. ಅಂಥದೊಂದು ಮನೆ ನಮ್ಮದು. 1956ರ ನವೆಂಬರ್ 1ರಂದು ಈ ಸೀಮೆಯು ಕೇರಳಕ್ಕೆ ಸೇರಿದಾಗ ಈ ಮನೆಯ ಒಂದು ಹೆಂಚೂ ಅಲುಗಲಿಲ್ಲ. ವಿಳಾಸ ಮಾತ್ರ ಬದಲಾಯಿತು. ಈ ವಿಳಾಸವನ್ನು ಹುಡುಕಿಕೊಂಡು ಸಮಾಜ ಕಾರ್ಯಕರ್ತೆಯೊಬ್ಬರು ಬರುವವರಿದ್ದರು. ಮಗುವೊಂದನ್ನು ದತ್ತು ಪಡೆಯಲು ಗಂಡಹೆಂಡಿರಾದ ನಾವು ಹೆಸರು ನೋಂದಾಯಿಸಿದ್ದೆವು.

ದತ್ತು ಎಂಬುದು ನಮ್ಮ ಹಳ್ಳಿಗಳಿಗೆ ಹೊಸ ಮಾತಲ್ಲ. ಮಕ್ಕಳಿಲ್ಲದ ಮನೆಗೆ ದಾಯಾದಿಗಳ ಮಗನನ್ನು ತರುವ ಪದ್ಧತಿ ಹಿಂದಿನಿಂದ ಇದ್ದಿತು. ಹೆತ್ತವರು ಯಾರೆಂದು ಊರಿಗೆಲ್ಲ ಗೊತ್ತಿರುತ್ತಿತ್ತು; ದತ್ತಹೋಮ ಮುಗಿದರೆ ಕಾರ್ಯ ಮುಗಿಯಿತು. ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ಮನೆದುಂಬಿಸಿಕೊಳ್ಳುವ ದಾರಿ ಬೇರೆ. 2015ರ ಬಾಲನ್ಯಾಯ ಕಾಯಿದೆಯೂ 2022ರ ದತ್ತು ನಿಯಮಾವಳಿಯೂ ಇದಕ್ಕೆ ಆಧಾರ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದಲ್ಲಿ ನೋಂದಾಯಿಸಿ, ಜನನ, ವಿವಾಹ, ವಾಸ, ಆದಾಯಗಳ ದಾಖಲೆಗಳನ್ನೂ ವೈದ್ಯರ ಪ್ರಮಾಣಪತ್ರವನ್ನೂ ಸಲ್ಲಿಸಿದ ಮೇಲೆ 60 ದಿನಗಳೊಳಗೆ ಗೃಹ ಅಧ್ಯಯನ ವರದಿಯು ಸಿದ್ಧವಾಗಬೇಕು. ಆ ವರದಿಗೆ ಮೂರು ವರ್ಷಗಳ ಮಾನ್ಯತೆಯಿದೆ.

ಸುದ್ದಿ ತಿಳಿದ ನೆಂಟರಿಂದ ಸಲಹೆಗಳು ಹರಿದುಬಂದವು. ಗೋಡೆಗೆ ಸುಣ್ಣ ಹೊಡೆಸಿ, ಬೆಳ್ಳಿಯ ಪಾತ್ರೆಗಳನ್ನು ಹೊರಗಿಡಿ ಎಂದರು ಕೆಲವರು. ಆದರೆ ಬರುವವರು ನಮ್ಮ ಸಿರಿವಂತಿಕೆಯನ್ನು ಅಳೆಯಲು ಬರುವವರಲ್ಲ. ಮಗುವೊಂದು ಇಲ್ಲಿ ಕ್ಷೇಮವಾಗಿ, ಪ್ರೀತಿಯಿಂದ ಬೆಳೆದೀತೇ ಎಂದು ತಿಳಿಯಲು ಬರುವವರು. ಅದನ್ನು ಮೊದಲು ನಾವೇ ನೋಡಿಕೊಳ್ಳೋಣವೆಂದು ಒಂದು ಸಂಜೆ ಚಾವಡಿಯ ನೆಲದ ಮೇಲೆ ಕುಳಿತು, ಮಗುವಿನ ಎತ್ತರದಿಂದ ಮನೆಯನ್ನು ದಿಟ್ಟಿಸಿದೆವು. ಹುಟ್ಟಿದಂದಿನಿಂದ ಕಂಡ ಮನೆ ಬೇರೊಂದು ಊರಿನಂತೆ ತೋರಿತು.

ಅಡಿಗೆಮನೆಯ ಮೂಲೆಯಲ್ಲಿ ಮೆಟ್ಟುಕತ್ತಿ ಬಾಯಿ ಮೇಲಾಗಿ ನಿಂತಿತ್ತು. ಉಪ್ಪರಿಗೆಯ ಕಡಿದಾದ ಮೆಟ್ಟಿಲಿಗೆ ಕೈಹಿಡಿಯಿರಲಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ತಂದ ಮೈಲುತುತ್ತು ಕೊಟ್ಟಿಗೆಯ ತಗ್ಗಿನ ಹಲಗೆಯ ಮೇಲಿತ್ತು. ಅದರ ಚೆಲುವಾದ ನೀಲಿಬಣ್ಣವೇ ಮಗುವನ್ನು ಕರೆಯಲು ಸಾಕು. ಹಿತ್ತಿಲಿನ ಗುಡ್ಡದಲ್ಲಿ ಹಿರಿಯರು ಕೊರೆಸಿದ ಸುರಂಗವಿದೆ. ಮುರಕಲ್ಲಿನ ಒಡಲಿನಿಂದ ಒಸರುವ ನೀರು ಅದರೊಳಗಿಂದ ತಾನಾಗಿ ಹರಿದುಬಂದು ಕೆರೆಯಲ್ಲಿ ನಿಲ್ಲುತ್ತದೆ. ಇಂಥ ಸುರಂಗಗಳು ಕಾಸರಗೋಡು ಸೀಮೆಯ ವೈಶಿಷ್ಟ್ಯ. ಬಂದ ಅತಿಥಿಗಳಿಗೆಲ್ಲ ನಾವು ಹೆಮ್ಮೆಯಿಂದ ತೋರಿಸುವ ಸ್ಥಳ. ಮೂರು ವರ್ಷದ ಮಗುವಿಗಾದರೋ ಅದು ಬಾಯ್ದೆರೆದ ಕತ್ತಲೆ, ಅದರ ಮುಂದಿನ ಕೆರೆಯು ಅಪಾಯದ ಮಡು. ಮೈಲುತುತ್ತು ಬೀಗದೊಳಗೆ ಸೇರಿತು. ಮೆಟ್ಟಿಲಿಗೆ ಕೈಹಿಡಿ ಬಂದಿತು. ಕೆರೆಗೆ ಬೇಲಿಯನ್ನು ಹಾಕಿಸಲು ತೊಡಗಿದೆವು.

ಮಾತಿನ ವಿಷಯವನ್ನೂ ಚಿಂತಿಸಿದೆವು. ನಮ್ಮ ಅಂಗಳದಲ್ಲಿ ತುಳು, ಚಾವಡಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಬರುವ ಮಗು ಯಾವ ಜೋಗುಳವನ್ನು ಕೇಳಿ ಬಂದಿರುವುದೋ ಯಾರು ಬಲ್ಲರು! ಮನೆ ಅಲುಗದೆ ವಿಳಾಸ ಬದಲಾದ ಅನುಭವ ನಮ್ಮ ಹಿರಿಯರದು. ಎಲ್ಲವನ್ನೂ ಬಿಟ್ಟು ಹೊಸ ವಿಳಾಸಕ್ಕೆ ಬರುವ ಪಾಡು ಆ ಮಗುವಿನದು. ಅದರ ಮಾತಿಗೂ ಈ ಮನೆಯಲ್ಲಿ ಜಾಗವಿರಬೇಕೆಂದು ನಿಶ್ಚಯಿಸಿದೆವು.

ಇವೆಲ್ಲಕ್ಕಿಂತ ಕಠಿಣವಾದುದು ಅಮ್ಮನ ಪ್ರಶ್ನೆ. ಎಂಬತ್ತರ ಹತ್ತಿರದ ಅಮ್ಮ ಒಂದು ರಾತ್ರಿ ಊಟದ ಹೊತ್ತಿಗೆ, “ಜಾತ್ರೆಯಲ್ಲಿ ಯಾರಾದರೂ, ಈ ಮಗು ಯಾರದೆಂದು ಕೇಳಿದರೆ ನಾನು ಏನು ಹೇಳಲಿ, ಮಗಾ?” ಎಂದರು. ಅದು ಮುನಿಸಿನ ಮಾತಲ್ಲ, ಭಯದ ಮಾತು. ಸಮಾಜ ಕಾರ್ಯಕರ್ತೆ ಬರುವ ದಿನ ಅಮ್ಮನನ್ನು ತಂಗಿಯ ಮನೆಗೆ ಕಳುಹಿಸುವುದು ಲೇಸೆಂದು ಬಂಧುವೊಬ್ಬರು ಸೂಚಿಸಿದರು. ನಾವು ಒಪ್ಪಲಿಲ್ಲ. ವರದಿಯಿಂದ ಮರೆಮಾಡಿದ ಭಯವು ನಾಳೆ ಮಗುವಿಗೆ ಎದುರಾಗದೆ ಇದ್ದೀತೇ? “ಅವರು ಬಂದಾಗ ಇದನ್ನೇ ಕೇಳಿ, ಅಮ್ಮಾ” ಎಂದೆವು.

ಸಮಾಜ ಕಾರ್ಯಕರ್ತೆ ಬಂದರು, ಮಜ್ಜಿಗೆ ಕುಡಿದರು, ಎರಡು ಗಂಟೆಯ ಕಾಲ ಇದ್ದರು. ನಮ್ಮ ಆದಾಯ, ಆರೋಗ್ಯ, ದಾಂಪತ್ಯಗಳ ಕುರಿತು ವಿಚಾರಿಸಿದರು. ಸುಣ್ಣ ಕಾಣದ ಗೋಡೆಯ ಕಡೆಗೆ ಅವರ ದೃಷ್ಟಿ ಹರಿಯಲಿಲ್ಲ. ಅರ್ಧ ಮುಗಿದ ಬೇಲಿಯ ಬಳಿ ಮಾತ್ರ ನಿಂತು ಬರೆದುಕೊಂಡರು. ಬಳಿಕ ಅಮ್ಮನ ಪಕ್ಕದಲ್ಲಿ ಕುಳಿತು ಮಲಯಾಳದಲ್ಲಿ ಮಾತನಾಡಿಸಿದರು. ಅಮ್ಮ ತಮ್ಮ ಪ್ರಶ್ನೆಯನ್ನು ಹಾಗೆಯೇ ಮುಂದಿಟ್ಟರು. “ಕೇಳಿದವರಿಗೆ ನನ್ನ ಮೊಮ್ಮಗು ಎಂದು ಹೇಳಿ, ಅಮ್ಮಾ. ಆದರೆ ಮಗುವಿಗೆ ಮಾತ್ರ ನಿಜವನ್ನು ಎಳವೆಯಿಂದಲೇ ತಿಳಿಸುತ್ತಾ ಬನ್ನಿ, ಊರವರ ಬಾಯಿಂದ ಅದು ಮೊದಲು ಕೇಳುವಂತಾಗಬಾರದು” ಎಂದರು ಅವರು. ಅಮ್ಮ ಮರುಮಾತಾಡಲಿಲ್ಲ.

ಇನ್ನು ಸರದಿಯು ಬರುವವರೆಗೆ ಕಾಯಬೇಕು. ಅದು ವರ್ಷಗಳ ಮಾತು. ಮಗು ಮನೆಗೆ ಬಂದ ಮೇಲೂ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಯೋಗಕ್ಷೇಮದ ವಿಚಾರಣೆ ನಡೆಯುತ್ತದೆ. ಇಂಥ ಭೇಟಿಯನ್ನು ಇದಿರು ನೋಡುತ್ತಿರುವ ವಾಚಕ ಬಂಧುಗಳಿಗೆ ನಾವು ಹೇಳುವುದಿಷ್ಟೆ: ಮನೆಯನ್ನು ಸಿಂಗರಿಸುವುದಕ್ಕೆ ಮೊದಲು ನೆಲದ ಮೇಲೆ ಕುಳಿತು ನೋಡಿರಿ, ಮನೆಯ ಹಿರಿಯರ ಮಾತನ್ನು ಕೇಳಿರಿ.

ಮರುದಿನ ಬೇಲಿಯ ಕೆಲಸಕ್ಕೆ ಬಡಗಿ ಬಂದಾಗ ಅಮ್ಮ ಕೋಲೂರಿಕೊಂಡು ಕೆರೆಯ ಬಳಿಗೆ ಹೋದರು. ಬಾಗಿಲಿನ ಕೊಂಡಿ ತಗ್ಗಿನಲ್ಲಾಯಿತೆಂದು ಅದನ್ನು ಕೀಳಿಸಿ, ತಮ್ಮ ಕೈಗೆ ಎಟುಕುವಷ್ಟು ಎತ್ತರದಲ್ಲಿ ಮತ್ತೆ ಹೊಡೆಸಿದರು.