ಜನವರಿ ಒಂದಕ್ಕೆ ಹಳತಾದ ಬ್ಯಾಟು

ನಮ್ಮ ಶಾಲೆಯ ಆಟದ ಸಾಮಾನಿನ ಕಪಾಟಿನಲ್ಲಿ ಲೇಜಿಮ್, ಡಂಬೆಲ್ಸ್, ರಿಂಗು, ಹಗ್ಗಗಳ ನಡುವೆ ಒಂದು ಬೇಸ್‌ಬಾಲ್ ಬ್ಯಾಟು ಇದೆ. ಕಪ್ಪು ಬಣ್ಣ, ಒಳಗೆ ಟೊಳ್ಳು, ಕೈಯಲ್ಲಿ ಹಿಡಿದರೆ ಹಗುರ. ನೋಡಿದವರೆಲ್ಲ ‘ಇದೇನ್ರಿ ಗುರುಗಳ, ಸಣ್ಣ ಒನಕಿ ಇದ್ದಂಗ ಐತಲ್ಲ’ ಅಂತ ಕೇಳುತ್ತಾರೆ. ಪ್ರತಿ ಸಲ ಅರ್ಧ ಕಥೆ ಹೇಳಿ ಬಿಡುತ್ತಿದ್ದೆ. ಇವತ್ತು ಪೂರ್ತಿ ಬರೆದುಬಿಡುತ್ತೇನೆ.

ನನ್ನ ತಂಗಿಯ ಸಂಸಾರ ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಅಲ್ಲಿ ಊರೂರಲ್ಲೂ ಲಿಟಲ್ ಲೀಗ್ ಅಂತ ಮಕ್ಕಳ ಬೇಸ್‌ಬಾಲ್ ನಡೆಯುತ್ತದೆ. ಕಲಿಸುವವರು ಹೆಚ್ಚಾಗಿ ಮಕ್ಕಳ ಅಪ್ಪಂದಿರೇ. ಅಳಿಯನಿಗೆ 2017ರಲ್ಲಿ ಹನ್ನೊಂದು ವರ್ಷ. ಆ ವಸಂತದಲ್ಲಿ ಅವನಪ್ಪ 200 ಡಾಲರ್ ಕೊಟ್ಟು ಈ ಬ್ಯಾಟು ಕೊಡಿಸಿದ. ನಮ್ಮ ರೂಪಾಯಿಯಲ್ಲಿ ಆಗ ಹದಿಮೂರು ಸಾವಿರದ ಹತ್ತಿರ. ಸಮಗ್ರ ಶಿಕ್ಷಾ ಯೋಜನೆ 2018-19ರಲ್ಲಿ ಶುರುವಾದಾಗ ಇಡೀ ಹಿರಿಯ ಪ್ರಾಥಮಿಕ ಶಾಲೆಗೆ ವರ್ಷದ ಆಟದ ಸಾಮಾನಿಗೆಂದು ಇಟ್ಟದ್ದು 10,000 ರೂಪಾಯಿ! ಇರಲಿ. ಹುಡುಗ ಆ ಬ್ಯಾಟಿನಿಂದ ಆ ವರ್ಷ ಮೂರು ಹೋಮ್ ರನ್ ಹೊಡೆದ. ಹೋಮ್ ರನ್ ಅಂದರೆ ನಮ್ಮ ಸಿಕ್ಸರ್ ಇದ್ದಂತೆ, ಚೆಂಡು ಬೇಲಿ ದಾಟಬೇಕು. ಮೂರಕ್ಕೂ ಫೋನ್ ಬಂತು. ಒಮ್ಮೆಯಂತೂ ನಾನು ಪ್ರಾರ್ಥನೆಯ ಸಾಲಿನಲ್ಲಿ ನಿಂತಿದ್ದೆ.

ಮುಂದಿನ ಜನವರಿ 1, 2018ಕ್ಕೆ ಆ ಬ್ಯಾಟು ಲಿಟಲ್ ಲೀಗಿನಲ್ಲಿ ನಿಷಿದ್ಧವಾಯಿತು. ಯು.ಎಸ್.ಎ. ಬೇಸ್‌ಬಾಲ್ ಅನ್ನುವ ಸಂಸ್ಥೆ ಮಕ್ಕಳ ಬ್ಯಾಟಿಗೆ ಹೊಸ ಅಳತೆ ತಂದಿತ್ತು. ಬ್ಯಾಟು ಯಾವ ವಸ್ತುವಿನದ್ದೇ ಇರಲಿ, ಅದರ ಹೊಡೆತ ಮರದ ಬ್ಯಾಟಿನ ಹೊಡೆತದ ಹತ್ತಿರ ಇರಬೇಕು, ಮೇಲೆ ಹೊಸ ಮುದ್ರೆ ಇರಬೇಕು. 2015ರಲ್ಲೇ ಪ್ರಕಟಿಸಿದ್ದರಂತೆ. ತಂಗಿಯ ಗಂಡ ಓದಿರಲಿಲ್ಲ. ನಮ್ಮಲ್ಲಿ ಸುತ್ತೋಲೆ ಎಲ್ಲರೂ ಓದುತ್ತಾರೆಯೇ?

ಈ ಅಳತೆ ಯಾಕೆ ಬೇಕಾಯಿತು ಅಂತ ತಿಳಿಯಲು ಸ್ವಲ್ಪ ವಿಜ್ಞಾನ ಬೇಕು. ಮರದ ಬ್ಯಾಟಿಗೆ ಚೆಂಡು ಬಡಿದಾಗ ಚೆಂಡೇ ಚಪ್ಪಟೆಯಾಗುತ್ತದೆ. ಅದರಲ್ಲಿ ಸಾಕಷ್ಟು ಶಕ್ತಿ ವ್ಯರ್ಥ. ಟೊಳ್ಳು ಲೋಹದ ಬ್ಯಾಟಿನಲ್ಲಿ ಹಾಗಲ್ಲ. ಅದರ ತೆಳುವಾದ ಗೋಡೆ ಹಲಗೆಯ ತೊಗಲಿನಂತೆ ಒಳಕ್ಕೆ ಹೋಗಿ ಮತ್ತೆ ಪುಟಿಯುತ್ತದೆ, ಚೆಂಡನ್ನು ಒದ್ದು ಕಳಿಸುತ್ತದೆ. ನಾರು ಮತ್ತು ಅಂಟಿನಿಂದ ಮಾಡಿದ ಕಾಂಪೋಸಿಟ್ ಬ್ಯಾಟು ಇನ್ನೂ ಮೋಜಿನದು. ಬಡಿದಷ್ಟೂ ಒಳಗಿನ ನಾರು ಸಡಿಲಾಗಿ ಹೊಸದಕ್ಕಿಂತ ಹಳೆಯದೇ ಜೋರಾಗುತ್ತದೆ. ಅಂಗಡಿಯಿಂದ ಬಂದ ದಿನ ಪಾಸಾದ ಬ್ಯಾಟು ಆರು ತಿಂಗಳಿಗೆ ನಾಪಾಸು!

ದೊಡ್ಡವರು ಈ ಪಾಠ ಮೊದಲೇ ಕಲಿತಿದ್ದರು. ಅಲ್ಲಿನ ಕಾಲೇಜು ಬೇಸ್‌ಬಾಲಿನಲ್ಲಿ 1974ರಿಂದ ಅಲ್ಯೂಮಿನಿಯಂ ಬ್ಯಾಟಿಗೆ ಅನುಮತಿ. ಮರದ್ದು ಮುರಿಯುತ್ತದೆ, ಇದು ಮುರಿಯುವುದಿಲ್ಲ, ಕಾಲೇಜಿಗೆ ಹಣ ಉಳಿಯುತ್ತದೆ ಅನ್ನುವ ಲೆಕ್ಕ. ಆಮೇಲೆ ಕಂಪನಿಗಳು ಬ್ಯಾಟನ್ನು ಜೋರು ಮಾಡುತ್ತ ಹೋದವು. 1998ರ ಕಾಲೇಜು ವಿಶ್ವ ಸರಣಿಯ ಕೊನೆಯ ಪಂದ್ಯ 21–14ಕ್ಕೆ ಮುಗಿಯಿತು. ಬೇಸ್‌ಬಾಲಿನಲ್ಲಿ ಅದು ದಂಗಾಗುವ ಸ್ಕೋರು. ಕಡೆಗೆ 2011ರಲ್ಲಿ ಬಿ.ಬಿ.ಸಿ.ಒ.ಆರ್. ಎಂಬ ಬಿಗಿ ಅಳತೆ ಬಂತು, 2012ರಲ್ಲಿ ಹೈಸ್ಕೂಲುಗಳಿಗೂ. 2010ರಲ್ಲಿ ಒಂದು ತಂಡಕ್ಕೆ ಒಂದು ಪಂದ್ಯದಲ್ಲಿ ಸರಾಸರಿ 0.94 ಇದ್ದ ಹೋಮ್ ರನ್ 2011ರಲ್ಲಿ 0.52, 2014ರಲ್ಲಿ 0.39. ಆಟ ಸಪ್ಪೆಯಾಯಿತು ಅಂತ ದೂರು ಬಂದು 2015ರಲ್ಲಿ ಚೆಂಡಿನ ಹೊಲಿಗೆಯನ್ನು ತಗ್ಗಿಸಿದರು, ಗಾಳಿಯಲ್ಲಿ ಇನ್ನಷ್ಟು ದೂರ ಹೋಗಲಿ ಅಂತ. ಬ್ಯಾಟಿನ ಕೈ ಕಟ್ಟಿ ಚೆಂಡಿನ ಕಾಲು ಬಿಚ್ಚಿದ ಹಾಗೆ!

ತಂಗಿಗೆ ಮಾತ್ರ ಹೊಸ ನಿಯಮ ಕೇಳಿ ಸಮಾಧಾನ. ಅವಳಿರುವ ರಾಜ್ಯದಲ್ಲೇ 2006ರಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಚೆಂಡೆಸೆದು ನಿಂತಿದ್ದಾಗ, ಲೋಹದ ಬ್ಯಾಟಿನಿಂದ ಹೊರಟ ಚೆಂಡು ಎದೆಗೆ ಬಡಿದು ಹೃದಯ ನಿಂತಿತು. ಜೀವ ಉಳಿಯಿತು, ಮೆದುಳು ಉಳಿಯಲಿಲ್ಲ. 2003ರಲ್ಲಿ ಮೊಂಟಾನಾದಲ್ಲಿ ಹದಿನೆಂಟರ ಹುಡುಗ ತೀರಿಯೇ ಹೋಗಿದ್ದ. ನ್ಯೂಯಾರ್ಕ್ ನಗರವು 2007ರಲ್ಲಿ ಹೈಸ್ಕೂಲು ಪಂದ್ಯಗಳಿಗೆ ಲೋಹದ ಬ್ಯಾಟನ್ನೇ ನಿಷೇಧಿಸಿತು. ಆದರೆ ಯು.ಎಸ್.ಎ. ಬೇಸ್‌ಬಾಲ್ ಸಂಸ್ಥೆ, ನಮ್ಮ ಬದಲಾವಣೆಗೆ ಸುರಕ್ಷತೆ ಕಾರಣವಲ್ಲ, ಈ ಆಟ ಮೊದಲೇ ಸುರಕ್ಷಿತ, ಆಟದ ಸ್ವರೂಪ ಉಳಿಯಲಿ ಅಂತ ಮಾಡಿದ್ದು ಅಂದಿತು. ‘ಅವರು ಏನರೆ ಹೇಳ್ಲಿ ಅಣ್ಣಾ, ನನಗ ರಾತ್ರಿ ನಿದ್ದಿ ಬಂದ್ರ ಸಾಕು’ ಅಂದಳು ಇವಳು.

ಅವಳ ಗಂಡನಿಗೆ ದುಡ್ಡಿನ ಸಂಕಟ. ಯು.ಎಸ್.ಎಸ್.ಎಸ್.ಎ. ಎಂಬ ಇನ್ನೊಂದು ಸಂಸ್ಥೆ ತನ್ನ ಟೂರ್ನಿಗಳಿಗೆ ಹಳೆಯ ಜೋರಿನ ಅಳತೆಯನ್ನೇ ಉಳಿಸಿಕೊಂಡಿತು. ಎರಡೂ ಕಡೆ ಆಡುವ ಮಗುವಿಗೆ ಎರಡು ಬ್ಯಾಟು! ಇಷ್ಟು ಸಾಲದೆ, ಹೊಸ ಮುದ್ರೆ ಹೊತ್ತು ಬಂದ ಒಂದು ಮಾದರಿಯ 30 ಇಂಚು, 20 ಔನ್ಸಿನ ಬ್ಯಾಟು ಅಳತೆ ಮೀರುತ್ತದೆ ಅಂತ ಮೇ 2018ರಲ್ಲಿ, ಆಟದ ಹಂಗಾಮಿನ ನಡುವೆಯೇ, ಅದರ ಮಾನ್ಯತೆ ರದ್ದು ಮಾಡಿದರು. ನಿಯಮ ಓದಿಯೇ ಕೊಂಡವರೂ ಕೈಸುಟ್ಟುಕೊಂಡರು.

ಹುಡುಗನ ಸಂಕಟ ಬೇರೆ. 2018 ಅವನಿಗೆ ಲಿಟಲ್ ಲೀಗಿನ ಕೊನೆಯ ವರ್ಷ. ಹೊಸ ಬ್ಯಾಟಿನಿಂದ ಒಂದೂ ಹೋಮ್ ರನ್ ಇಲ್ಲ. ಚೆಂಡು ಬೇಲಿಯ ಮುಂದೆ ಬಂದು ಯಾರದೋ ಕೈಗೆ ಬೀಳುತ್ತಿತ್ತು. ಒಂದು ಭಾನುವಾರ ಫೋನಿನಲ್ಲಿ ಕೇಳಿದ: ‘ಮಾಮಾ, ಹೋದ ವರ್ಷ ಹೊಡದಿದ್ದು ನಾನೋ ಬ್ಯಾಟೋ?’

ಇಪ್ಪತ್ತು ವರ್ಷದ ಮಾಸ್ತರಿಕೆಯಲ್ಲಿ ಇಂಥ ಪ್ರಶ್ನೆ ಬಂದಿರಲಿಲ್ಲ. ಎಲ್ಲರದೂ ಕಡಿಮೆ ಆಗೈತಿ ಬಿಡಪ್ಪಾ, ಕಾಲೇಜಿನವರದೇ ಅರ್ಧ ಇಳಿದಿತ್ತು ಅಂದೆ. ‘ಎಲ್ಲಾರ್ದೂ ಇಲ್ಲ ಮಾಮಾ. ದೊಡ್ಡ ಮೈಯ ಹುಡುಗೂರು ಈಗೂ ಹೊಡೀತಾರ’ ಅಂದ. ಅವನ ಮಾತು ಸರಿಯಿತ್ತು. ಹನ್ನೆರಡು ವರ್ಷಕ್ಕೇ ಮೀಸೆ ಮೂಡಿದವನ ಚೆಂಡು ಇಪ್ಪತ್ತು ಅಡಿ ಕಡಿಮೆ ಹೋದರೂ ಬೇಲಿ ದಾಟುತ್ತದೆ. ಇವನಂಥ ಸಣಕಲನದು ದಾಟುವುದಿಲ್ಲ. ಜೋರು ಬ್ಯಾಟು ಸಣ್ಣವರನ್ನೂ ಆಟದಲ್ಲಿ ಇಟ್ಟಿತ್ತು. ಎಲ್ಲರಿಗೂ ಒಂದೇ ನಿಯಮ, ಪೆಟ್ಟು ಮಾತ್ರ ಒಂದೇ ಅಲ್ಲ. ಮಣ್ಣಲ್ಲಿ ಕಬಡ್ಡಿ ಆಡಿ ಬೆಳೆದ ನಮ್ಮ ಮಕ್ಕಳು ಪಂದ್ಯಕ್ಕೆ ಹೋಗಿ, ಮೊದಲ ಸಲ ಮ್ಯಾಟಿನ ಮೇಲೆ ಕಾಲಿಟ್ಟು ಜಾರಿ ಬಿದ್ದದ್ದು ನೆನಪಾಯಿತು.

ಆ ಜುಲೈನಲ್ಲಿ ಊರಿಗೆ ಬಂದಾಗ ಬ್ಯಾಟನ್ನೂ ಒಂದು ತೊಗಲಿನ ಚೆಂಡನ್ನೂ ನಮ್ಮ ಶಾಲೆಗೆ ತಂದ. ಮಕ್ಕಳಿಗೆ ಹಬ್ಬ. ಏಳನೆಯ ತರಗತಿಯ ಹುಡುಗ ಹೊಡೆಯಲು ನಿಂತ, ಆರನೆಯ ತರಗತಿಯ ಹುಡುಗಿ ಎಸೆದಳು. ಟಣ್ ಅಂತ ಸದ್ದು ಬಂತು. ಚೆಂಡು ಅವಳ ಕಿವಿಯ ಪಕ್ಕದಿಂದ ಹೋಗಿ ಬೇವಿನ ಮರಕ್ಕೆ ಬಡಿಯಿತು. ಹುಡುಗಿ ಕೈ ಕೂಡ ಎತ್ತಿರಲಿಲ್ಲ. ಉಳಿದವರು ಚಪ್ಪಾಳೆ ತಟ್ಟಿದರು, ತಂಗಿ ಕಟ್ಟೆಯ ಮೇಲೆ ಕೂತುಬಿಟ್ಟಳು. ಲಿಟಲ್ ಲೀಗಿನಲ್ಲಿ ಎಸೆಯುವವನಿಂದ ಹೊಡೆಯುವವನಿಗೆ 46 ಅಡಿ, ಅಂದರೆ 14 ಮೀಟರ್. ನಾವು ಅಷ್ಟೂ ಬಿಟ್ಟಿರಲಿಲ್ಲ. ಗಂಟೆಗೆ 120 ಕಿ.ಮೀ. ವೇಗದ ಚೆಂಡು 14 ಮೀಟರನ್ನು ಅರ್ಧ ಸೆಕೆಂಡಿಗೂ ಮೊದಲೇ ದಾಟುತ್ತದೆ. ಈ ಲೆಕ್ಕ ನಾನು ಮಾಡಿದ್ದು ಮರುದಿನ, ಕರಿಹಲಗೆಯ ಮೇಲೆ.

ಲೆಕ್ಕ ಮುಗಿದ ಮೇಲೆ ಅದೇ ಹುಡುಗಿ ಎದ್ದು ಕೇಳಿದಳು: ‘ಸರ್, ಅಲ್ಲಿ ಬ್ಯಾಡ ಅಂದಿದ್ದು ನಮಗ್ಯಾಕ ಕೊಟ್ರು?’ ಅಳಿಯ ಬಾಗಿಲ ಹತ್ತಿರವೇ ನಿಂತಿದ್ದ. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ತೊಗಲಿನ ಚೆಂಡನ್ನು ಬ್ಯಾಗಿಗೆ ಹಾಕಿಕೊಂಡು ಹೋದ. ಅಂದಿನಿಂದ ನಮ್ಮಲ್ಲಿ ಆ ಬ್ಯಾಟಿಗೆ ಟೆನಿಸ್ ಚೆಂಡು ಮಾತ್ರ.

ಹೈಸ್ಕೂಲಿಗೆ ಹೋದ ಮೇಲೆ ಅವನಿಗೆ ಬ್ಯಾಟು ಮತ್ತೆ ಬದಲಾಯಿತು. ಅಲ್ಲಿ ಕಾಲೇಜಿನದೇ ಅಳತೆ, ಭಾರವೂ ಹೆಚ್ಚು. ಇಂಚಿನಲ್ಲಿ ಎಷ್ಟು ಉದ್ದವೋ, ಔನ್ಸಿನಲ್ಲಿ ತೂಕ ಅದಕ್ಕಿಂತ ಮೂರಕ್ಕಿಂತ ಹೆಚ್ಚು ಕಡಿಮೆ ಇರುವಂತಿಲ್ಲ. ಹೋಮ್ ರನ್ನಿನ ಆಸೆ ಬಿಟ್ಟು, ಚೆಂಡನ್ನು ಮೆಲ್ಲಗೆ ತಟ್ಟಿ ಓಡುವುದನ್ನು ಕಲಿತ. ಈಗ ಕಾಲೇಜಿನಲ್ಲಿದ್ದಾನೆ, ಬೇಸಿಗೆ ರಜೆಯಲ್ಲಿ ಚಿಕ್ಕ ಮಕ್ಕಳ ಪಂದ್ಯಕ್ಕೆ ಅಂಪೈರ್ ಆಗುತ್ತಾನೆ. ಆಟಕ್ಕೆ ಮುಂಚೆ ಎಲ್ಲ ಬ್ಯಾಟುಗಳನ್ನೂ ಸಾಲಾಗಿ ಇಡಿಸಿ ಮುದ್ರೆ ನೋಡುವುದು ಅವನ ಕೆಲಸ. ಹೋದ ವರ್ಷ ಒಬ್ಬ ಹುಡುಗ ಮುದ್ರೆಯಿಲ್ಲದ ಹಳೆಯ ಬ್ಯಾಟು ತಂದಿದ್ದನಂತೆ, ಅಣ್ಣನದು. ‘ಏನ್ ಮಾಡಿದಿ?’ ಅಂದೆ.

‘ಕಡೀಗಿಟ್ಟು ನನ್ನ ಬ್ಯಾಗಿನ್ಯಾಗಿಂದು ಒಂದು ಕೊಟ್ಟೆ ಮಾಮಾ. ಈಗ ಯಾವಾಗ್ಲೂ ಒಂದು ಜಾಸ್ತಿ ಒಯ್ತೀನಿ’ ಅಂದ.