ರಫೇಲ್ ಬ್ಯಾಡ, ಮಿಸ್ಟೇರ್ ತಗೋರಿ

ದೀಪಾವಳಿ ಸೂಟಿಯಾಗ ನಮ್ಮ ಮೊಮ್ಮಗ ಮತ್ತು ಅವನ ಗೆಳೆಯರು ವಾಚನಾಲಯದ ಕಟ್ಟಿ ಮ್ಯಾಲ ಒಂದು ಆಟ ಹೂಡಿದ್ದರು. ಒಬ್ಬ ಕಥೆ ಹೇಳತಾನ, ಉಳಿದವರು ಯುದ್ಧವಿಮಾನದ ಪೈಲಟ್ ಆಗಿ ಮಾತಾಡತಾರ. ಗುಂಡು ತಾಗಿತೋ ತಪ್ಪಿತೋ ಅನ್ನೋದಕ್ಕ ದಾಳ ಉರುಳಸತಾರ. ವೇಷ ಇಲ್ಲದ ಸಣ್ಣಾಟ ಅನ್ನರಿ. ಆರಿಸಿಕೊಂಡ ಕಥೆ ೧೯೬೫ರದು. ನಮ್ಮ ವಾಯುಪಡೆಯ ಒಂದನೇ ಸ್ಕ್ವಾಡ್ರನ್ ಪಂಜಾಬಿನ ಆದಂಪುರದಿಂದ ಹೋಗಿ ಪಾಕಿಸ್ತಾನದ ಸರ್ಗೋಧಾ ನೆಲೆ ಮ್ಯಾಲ ದಾಳಿ ಮಾಡಿದ್ದು. ಆದರ ವಿಮಾನ ಹಂಚೂ ಹೊತ್ತಿಗೆ ಒಬ್ಬಗ ರಫೇಲ್ ಬೇಕು, ಇನ್ನೊಬ್ಬಗ ಸುಖೋಯ್ ಬೇಕು. ಜಗಳ ಬಿಡಿಸಲಿಕ್ಕೆ ನನ್ನನ್ನು ಕರೆದರು.

ಆ ದಾಳಿಯ ಮೇಲೆ ಒಂದು ಗೀಗೀ ಪದ ಕಟ್ಟಬೇಕಂತ ನಾನು ಮೊದಲೇ ಓದಿಕೊಂಡಿದ್ದೆ. ರಫೇಲ್ ನಮ್ಮ ದೇಶಕ್ಕೆ ಬಂದದ್ದು ೨೦೨೦ರಾಗ. ೧೯೬೫ರಾಗ ಮಿಗ್-೨೧ ಸುದ್ಧಾ ಬೆರಳೆಣಿಕೆಯಷ್ಟೇ ಇದ್ದವು. ಒಂದನೇ ಸ್ಕ್ವಾಡ್ರನ್ ಹತ್ತಿರ ಇದ್ದದ್ದು ಫ್ರಾನ್ಸಿನ ಮಿಸ್ಟೇರ್. ನೆಟ್ಟಗೆ ಹಾರಿದರ ಶಬ್ದದ ವೇಗ ದಾಟೂದಿಲ್ಲ. ಎದುರಿಗೆ ಅಮೆರಿಕದ ಸ್ಟಾರ್‌ಫೈಟರ್, ಶಬ್ದದ ಎರಡು ಪಟ್ಟು ಓಡೂದು.

‘ಹಂಗಾದರ ನಾವು ಸೋಲತೀವಲ್ಲ ಮುತ್ಯಾ’ ಅಂದ ಮೊಮ್ಮಗ.

ನಮ್ಮ ಜತ್ತ ತಾಲೂಕಿನ ಸಿಂಧೂರ ಲಕ್ಷ್ಮಣನ ಪದ ಹಾಡೂವಾಗ ಅವನ ಕೈಯಾಗ ನಾನು ಮಷಿನ್‌ಗನ್ ಕೊಟ್ಟರ ಜನ ಒಪ್ಪತಾರೇನು? ಅವನ ಹತ್ತಿರ ಇದ್ದದ್ದು ಇಷ್ಟೇ ಅಂತ ಗೊತ್ತಿದ್ದರನ ಕೇಳೂವರ ಎದೆ ಡವಡವ ಅನ್ನೂದು. ವಿಮಾನಕ್ಕೂ ಅದೇ ಮಾತು. ಯಾವ ವರ್ಷ, ಯಾವ ನೆಲೆ, ಎಷ್ಟು ದೂರ, ಇದನ್ನು ಕೇಳಿ ಆಮೇಲೆ ವಿಮಾನ ಆರಸಬೇಕು. ಚಂದ ಕಂಡದ್ದು ತಗೊಳ್ಳಲಿಕ್ಕೆ ಇದೇನು ಜಾತ್ರ್ಯಾಗಿನ ಆಟಿಗಿ ಅಲ್ಲ.

ಅಲ್ಲಿ ಖರೇ ಮನುಷ್ಯರು ಸತ್ತಾರ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ಆ ದಿನ, ೧೯೬೫ರ ಸೆಪ್ಟೆಂಬರ್ ೭ರಂದು, ಮೀಸಲು ಆಳಾಗಿದ್ದರು. ಯಾವುದಾದರೂ ವಿಮಾನ ಕೈಕೊಟ್ಟರೆ ಹೋಗಬೇಕು, ಇಲ್ಲಾಂದರ ಇಲ್ಲ. ಒಂದು ಕೈಕೊಟ್ಟಿತು, ಇವರು ಹೋದರು. ಸ್ಟಾರ್‌ಫೈಟರ್ ಗುಂಡು ತಾಗಿದ ಮ್ಯಾಲೂ ಆ ಮಿಸ್ಟೇರ್ ತಿರುಗಿಸಿ ಕಾದಾಡಿ ಅದನ್ನು ಕೆಡವಿದರು. ಅದರ ಪೈಲಟ್ ಜಿಗಿದು ಉಳಿದ, ದೇವಯ್ಯನವರು ಬರಲಿಲ್ಲ. ಇಲ್ಲಿ ಯಾರಿಗೂ ಏನಾಯಿತು ಅಂತ ತಿಳಿಯಲಿಲ್ಲ. ಆ ಕಡೆಯ ಸಂಗತಿ ಪುಸ್ತಕದಾಗ ಹೊರಬಿದ್ದ ಮ್ಯಾಲ, ೧೯೮೮ರಾಗ ಮಹಾವೀರ ಚಕ್ರ ಕೊಟ್ಟರು. ೨೩ ವರ್ಷ! ಇಂಥವರಿಗೆ ಆಟದಾಗ ರಫೇಲ್ ಕೊಟ್ಟರ ಅವರು ಮಾಡಿದ್ದನ್ನ ಅಳಿಸಿದಂಗ ಆಗತದ. ಅವರ ಹೆಸರೂ ಬ್ಯಾಡ, ನಿಮ್ಮ ಪೈಲಟ್‌ಗೆ ನಿಮ್ಮದೇ ಹೆಸರು ಇಟಕೋರಿ ಅಂದೆ.

ಇಂಧನಕ್ಕೆ ಲೆಕ್ಕ ಇರಲಿಲ್ಲ. ಮಿಸ್ಟೇರಿಗೆ ಸರ್ಗೋಧಾ ಅಂದರ ಹೋಗಿ ಬರಲಿಕ್ಕೆ ಕಷ್ಟಪಟ್ಟು ಸಾಲೂವಷ್ಟು ದೂರ. ನಡುವ ಕಾದಾಡಲಿಕ್ಕೆ ಪುರಸತ್ತಿಲ್ಲ. ಅದಕ್ಕ ಒಬ್ಬೊಬ್ಬಗ ೨೦ ಹುಣಸಿ ಬೀಜ ಎಣಿಸಿ ಕೊಟ್ಟೆ. ಹೋಗಲಿಕ್ಕೆ ೯, ಬರಲಿಕ್ಕೆ ೯. ಕಾದಾಟದ ಒಂದೊಂದು ಸುತ್ತಿಗೆ ಒಂದೊಂದು. ಬೀಜ ಮುಗಿದರ ವಿಮಾನ ನೆಲಕ್ಕ.

ಆಮೇಲೆ ರಫೇಲಿನ ಸುದ್ದಿ ಯಾರೂ ತೆಗೀಲಿಲ್ಲ. ಮೊಮ್ಮಗನ ಹಿಂದ ಸ್ಟಾರ್‌ಫೈಟರ್ ಬಿದ್ದಾಗ ಅವನ ಮುಷ್ಟಿಯಾಗ ೧೦ ಬೀಜ. ಒಂದು ಸುತ್ತು ತಿರುಗಿ ನಿಂತ, ದಾಳ ತಪ್ಪಿತು. ಉಳಿದ ೯ ಹಿಡಕೊಂಡು ಬಾಳ ಹೊತ್ತು ಕುಂತ. ಗೆಳೆಯರು ‘ಹೊಡಿ, ಹೊಡಿ’ ಅಂತಿದ್ದರು. ಅವ ಮನಿ ಕಡೆ ತಿರುಗಿಸಿದ. ಅಂಜುಬುರುಕ ಅಂತ ಒಬ್ಬ ನಕ್ಕ. ನಾನು ಅವನಿಗೆ ಗದರಿಸಿದೆ. ಆದಂಪುರ ಮುಟ್ಟಿದಾಗ ಹುಡುಗನ ಕೈ ಖಾಲಿ ಇತ್ತು.

‘ಮುತ್ಯಾ, ದೇವಯ್ಯನವರೂ ಬೀಜ ಎಣಿಸಿರತಾರೇನು?’ ಅಂತ ಕೇಳಿದ.

‘ಎಣಿಸದ ಪೈಲಟ್ ಇರೂದಿಲ್ಲೋ’ ಅಂದೆ.

ಮುಂದಿನ ಕಥೆಗೆ ೧೯೭೧ರ ಶ್ರೀನಗರ ಬೇಕಂತ. ಬೆಂಗಳೂರಿನ ಎಚ್‌ಎಎಲ್‌ನಾಗ ಕಟ್ಟುತ್ತಿದ್ದ ಪುಟ್ಟ ಗ್ನ್ಯಾಟ್ ಜಾತಿಯ ವಿಮಾನದಾಗ ನಿರ್ಮಲಜಿತ್ ಸಿಂಗ್ ಸೇಖೋಂ ಆರು ಸೇಬರ್‌ಗಳ ನಡುವ ನುಗ್ಗಿದ ಕಥೆ. ಈ ಸಲ ಜಗಳ ಇಲ್ಲ, ಎಲ್ಲಾರಿಗೂ ಗ್ನ್ಯಾಟೇ ಬೇಕು. ಹುಣಸಿ ಬೀಜ ಇನ್ನಷ್ಟು ಬೇಕಾಗತಾವ ಅಂತ ಮನ್ಯಾಗ ಹೇಳೀನಿ.